ವಿ. ಸುಬ್ರಹ್ಮಣ್ಯನ್
ವಿ. ಸುಬ್ರಹ್ಮಣ್ಯನ್ (1902–1979) ಭಾರತದ ಪ್ರಸಿದ್ಧ ಜೀವರಸಾಯನ ವಿಜ್ಞಾನಿ ಹಾಗೂ ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದ ಸ್ಥಾಪಕ ನಿರ್ದೇಶಕರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಜೀವರಸಾಯನಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಅವರು, 1950ರಲ್ಲಿ ಚೆಲುವಾಂಬ ವಿಲಾಸ ಅರಮನೆಯಲ್ಲಿ ಆರಂಭವಾದ ಈ ಸಂಶೋಧನಾಲಯವನ್ನು 1963ರವರೆಗೆ ಮುನ್ನಡೆಸಿದರು.

ಪೌಷ್ಟಿಕಾಂಶ ಸಂಶೋಧನೆ

ಜೋಳ, ರಾಗಿ, ಅಕ್ಕಿಗಳಲ್ಲಿರುವ ಪಿಷ್ಟವು ಶರೀರಕ್ಕೆ ಮುಖ್ಯವಾಗಿ ಶಕ್ತಿಯನ್ನು ಒದಗಿಸುತ್ತದೆ. ಸ್ನಾಯು ಮೊದಲಾದ ಅಂಗಾಂಶಗಳ ನಿರ್ಮಾಣಕ್ಕೆ ಬೇಕಾದ ಅಮೈನೋ ಆಮ್ಲಗಳು ಪ್ರೋಟೀನಿನಿಂದ ದೊರೆಯುತ್ತವೆ. ಆಹಾರದಲ್ಲಿ ಶಕ್ತಿಯೇ ಸಾಲದಾದಾಗ ಶರೀರವು ಪ್ರೋಟೀನನ್ನೂ ಇಂಧನವಾಗಿ ಬಳಸುವುದರಿಂದ ಅರೆಹೊಟ್ಟೆಯ ಮಕ್ಕಳ ಬೆಳವಣಿಗೆ ಕುಂಠಿತವಾಗುತ್ತದೆ. ಬಡ ಕುಟುಂಬಗಳಿಗೆ ಹಾಲು ದುಬಾರಿಯಾಗಿದ್ದ ಕಾಲದಲ್ಲಿ ಸುಬ್ರಹ್ಮಣ್ಯನ್ ಅವರ ತಂಡವು ಅಗ್ಗದ ಸಸ್ಯಮೂಲ ಪ್ರೋಟೀನಿನತ್ತ ಗಮನ ಹರಿಸಿತು. ಎಣ್ಣೆ ತೆಗೆದ ಶೇಂಗಾ ಹಿಟ್ಟು ಮತ್ತು ಕಡಲೆ ಹಿಟ್ಟನ್ನು 3:1 ಪ್ರಮಾಣದಲ್ಲಿ ಬೆರೆಸಿ, ಜೀವಸತ್ವಗಳನ್ನೂ ಕ್ಯಾಲ್ಸಿಯಮನ್ನೂ ಸೇರಿಸಿ 'ಇಂಡಿಯನ್ ಮಲ್ಟಿಪರ್ಪಸ್ ಫುಡ್' ಎಂಬ ಪೂರಕ ಆಹಾರವನ್ನು ರೂಪಿಸಿತು. ಶೇಂಗಾ ಮತ್ತು ಕಡಲೆ ಕೊಪ್ಪಳ, ಕುಷ್ಟಗಿ, ಯಲಬುರ್ಗಾ ತಾಲ್ಲೂಕುಗಳಂತಹ ಒಣಬೇಸಾಯದ ಪ್ರದೇಶಗಳಲ್ಲಿಯೂ ಬೆಳೆಯುವ ಬೆಳೆಗಳಾಗಿವೆ.

ಎಮ್ಮೆಯ ಹಾಲಿನಿಂದ ಶಿಶು ಆಹಾರ ತಯಾರಿಸುವ ವಿಧಾನವನ್ನೂ ಈ ತಂಡವು ಅಭಿವೃದ್ಧಿಪಡಿಸಿತು. ಗುಜರಾತಿನ ಅಮುಲ್ ಸಹಕಾರ ಸಂಸ್ಥೆಯು ಅದನ್ನು ಅಳವಡಿಸಿಕೊಂಡು ಉತ್ಪಾದನೆ ಕೈಗೊಂಡಿತು.

ಗೌರವ

ಭಾರತ ಸರ್ಕಾರವು 1960ರಲ್ಲಿ ಅವರಿಗೆ ಪದ್ಮಶ್ರೀ ಪ್ರಶಸ್ತಿ ನೀಡಿ ಗೌರವಿಸಿತು.