ಜ್ವರಕ್ಕೆ ಅಳತೆಯಿತ್ತ ವೈದ್ಯ: ಡಾ. ಕಾರ್ಲ್ ವುಂಡರ್ಲಿಷ್

ಮಗುವಿನ ಮೈ ಕಾದರೆ ತಾಯಿಯು ಮೊದಲು ಅದರ ಹಣೆಯ ಮೇಲೆ ಅಂಗೈಯಿಡುತ್ತಾಳೆ. ಮಲಪ್ರಭೆಯ ಸೀಮೆಯ ಸವದತ್ತಿ, ರಾಮದುರ್ಗಗಳಲ್ಲಿಯೂ ಬೈಲಹೊಂಗಲ, ಕಿತ್ತೂರುಗಳ ಮನೆಮನೆಗಳಲ್ಲಿಯೂ ತಲೆತಲಾಂತರದಿಂದ ನಡೆದುಬಂದ ಪರೀಕ್ಷೆಯಿದು. ಆದರೆ ಅಂಗೈಯ ಅಂದಾಜು ಒಬ್ಬರಿಂದೊಬ್ಬರಿಗೆ ಬೇರೆಯಾಗುತ್ತದೆ. ಆ ಅಂದಾಜಿನ ಸ್ಥಾನದಲ್ಲಿ ಅಳತೆಯನ್ನು ನೆಲೆಗೊಳಿಸಿದ ಮಹನೀಯರಲ್ಲಿ ಜರ್ಮನಿಯ ಡಾ. ಕಾರ್ಲ್ ವುಂಡರ್ಲಿಷ್ ಅವರು ಅಗ್ರಗಣ್ಯರು.

ವುಂಡರ್ಲಿಷ್ ಅವರು ೧೮೧೫ನೆಯ ಆಗಸ್ಟ್ ೪ರಂದು ನೆಕ್ಕಾರ್ ನದೀತೀರದ ಸುಲ್ಟ್ಸ್ ಎಂಬ ಊರಿನಲ್ಲಿ ಜನಿಸಿದರು. ತಂದೆಯವರು ವೈದ್ಯರಾಗಿದ್ದರು. ಟ್ಯೂಬಿಂಗನ್ ವಿಶ್ವವಿದ್ಯಾಲಯದಲ್ಲಿ ವೈದ್ಯವಿದ್ಯೆಯನ್ನು ಅಭ್ಯಸಿಸಿ, ಅಂದಿನ ವೈದ್ಯಕೀಯದ ಮಹಾಕೇಂದ್ರಗಳಾದ ಪ್ಯಾರಿಸ್ ಮತ್ತು ವಿಯೆನ್ನಾಗಳನ್ನು ಕಂಡುಬಂದರು. ಕೇವಲ ಪಾಂಡಿತ್ಯದ ವಾದಗಳಿಂದ ರೋಗವನ್ನು ತಿಳಿಯಲಾಗದು, ರೋಗಿಯ ದೇಹದಲ್ಲಿ ನಡೆಯುವ ವ್ಯಾಪಾರಗಳನ್ನು ಪ್ರತ್ಯಕ್ಷ ಪರೀಕ್ಷಿಸಬೇಕು ಎಂಬ ನಿಲುವು ಅವರಲ್ಲಿ ದೃಢವಾಯಿತು. ೧೮೪೨ರಲ್ಲಿ ಮಿತ್ರರೊಡಗೂಡಿ ಈ ಧ್ಯೇಯದ ಪತ್ರಿಕೆಯೊಂದನ್ನು ಹೊರಡಿಸಿದರು.

೧೮೫೦ರಲ್ಲಿ ಅವರು ಲೈಪ್ಜಿಗ್ ನಗರದಲ್ಲಿ ಪ್ರಾಧ್ಯಾಪಕರಾದರು. ಅಲ್ಲಿನ ಆಸ್ಪತ್ರೆಯೇ ಅವರ ಕಾಯಕಕ್ಷೇತ್ರವಾಯಿತು. ಅಂದಿನ ಉಷ್ಣಮಾಪಕವು ಸುಮಾರು ಒಂದಡಿ ಉದ್ದವಿದ್ದು, ಅದನ್ನು ರೋಗಿಯ ಕಂಕುಳಲ್ಲಿ ೧೫ರಿಂದ ೨೦ ನಿಮಿಷಗಳವರೆಗೆ ಇರಿಸಬೇಕಾಗುತ್ತಿತ್ತು. ಇಂಥ ಸಾಧನದಿಂದಲೇ ದಿನಕ್ಕೆ ಹಲವು ಸಲ ಅಳೆದು, ಏರಿಳಿತಗಳನ್ನು ಬರೆದಿಡುವ ಪದ್ಧತಿಯನ್ನು ಅವರು ಜಾರಿಗೆ ತಂದರು. ಸುಮಾರು ೨೫ ಸಾವಿರ ರೋಗಿಗಳ ದಾಖಲೆಗಳು ಹೀಗೆ ಸಂಗ್ರಹವಾದವು. ಇದರ ಫಲವಾಗಿ ೧೮೬೮ರಲ್ಲಿ ರೋಗಗಳಲ್ಲಿನ ದೇಹೋಷ್ಣತೆಯನ್ನು ಕುರಿತ ಮಹಾಗ್ರಂಥವು ಪ್ರಕಟವಾಯಿತು. ಜ್ವರವು ತಾನೇ ಒಂದು ರೋಗವಲ್ಲ, ಅದು ರೋಗದ ಲಕ್ಷಣ ಎಂಬುದನ್ನು ಅವರು ಪ್ರತಿಪಾದಿಸಿದರು. ೩೭ ಡಿಗ್ರಿ ಸೆಲ್ಸಿಯಸ್ ಸ್ವಸ್ಥ ದೇಹದ ಉಷ್ಣತೆಯೆಂಬ ಮಾತು ಲೋಕಪ್ರಸಿದ್ಧವಾದದ್ದು ಈ ಗ್ರಂಥದಿಂದಲೇ. ೧೮೭೭ನೆಯ ಸೆಪ್ಟೆಂಬರ್ ೨೫ರಂದು ಅವರು ಲೈಪ್ಜಿಗ್‌ನಲ್ಲಿ ದಿವಂಗತರಾದರು.

ಕಾಲಾಂತರದಲ್ಲಿ ಅವರ ಅಂಕಿಯೂ ಪರೀಕ್ಷೆಗೊಳಗಾಯಿತು. ೧೯೯೨ರಲ್ಲಿ ಅಮೆರಿಕದಲ್ಲಿ ೧೪೮ ಜನ ಸ್ವಸ್ಥರ ಬಾಯಿಯ ಉಷ್ಣತೆಯನ್ನು ಅಳೆದಾಗ ಸರಾಸರಿಯು ೩೬.೮ ಡಿಗ್ರಿ ಎಂದು ಕಂಡುಬಂದಿತು. ವುಂಡರ್ಲಿಷ್ ಅವರದೆನ್ನಲಾದ ಉಷ್ಣಮಾಪಕವೊಂದನ್ನು ಪರಿಶೀಲಿಸಲಾಗಿ, ಅದು ಇದ್ದುದಕ್ಕಿಂತ ಹೆಚ್ಚು ತೋರಿಸುತ್ತಿದ್ದುದು ತಿಳಿಯಿತು. ಇದರಿಂದ ಅವರ ಹಿರಿಮೆ ಕುಂದಲಿಲ್ಲ. ಅಳೆಯಬೇಕೆಂದು ಕಲಿಸಿದವರ ಅಳತೆಯನ್ನೇ ಮರಳಿ ಅಳೆದು ನೋಡುವುದು ಅವರು ಹಾಕಿಕೊಟ್ಟ ದಾರಿಯ ಮುಂದುವರಿಕೆಯೇ ಆಗಿದೆ.

ಈ ವಿಷಯದ ಗಂಭೀರತೆಯು ಮಕ್ಕಳ ಶಸ್ತ್ರಚಿಕಿತ್ಸೆಯಲ್ಲಿ ಎದ್ದು ಕಾಣುತ್ತದೆ. ಅರಿವಳಿಕೆ ಕೊಟ್ಟಾಗ ದೇಹವು ಉಷ್ಣತೆಯನ್ನು ಕಾಯ್ದುಕೊಳ್ಳುವ ಶಕ್ತಿ ಕುಗ್ಗುತ್ತದೆ. ರಕ್ತನಾಳಗಳು ಹಿಗ್ಗಿ, ಒಳಗಿನ ಬಿಸಿಯು ಚರ್ಮದತ್ತ ಹರಿಯುತ್ತದೆ. ಮಗುವಿನ ತೂಕಕ್ಕೆ ಹೋಲಿಸಿದರೆ ಅದರ ಮೈಯ ಹೊರಮೈ ವಿಸ್ತಾರವಾದುದರಿಂದ ಅದು ಬೇಗ ತಣ್ಣಗಾಗುತ್ತದೆ. ಹೊರಗೆ ರಾಮದುರ್ಗದ ವೈಶಾಖದ ಬಿಸಿಲಿದ್ದರೂ ಶಸ್ತ್ರಚಿಕಿತ್ಸೆಯ ಕೋಣೆಯೊಳಗೆ ಮಗು ತಣ್ಣಗಾಗಬಲ್ಲದು. ಒಳಗಿನ ಉಷ್ಣತೆಯು ೩೬ ಡಿಗ್ರಿಗಿಂತ ಇಳಿದರೆ ರಕ್ತಸ್ರಾವ ಹೆಚ್ಚುತ್ತದೆ, ಅರಿವಳಿಕೆಯಿಂದ ಎಚ್ಚರಗೊಳ್ಳುವುದು ತಡವಾಗುತ್ತದೆ. ಅಪರೂಪವಾಗಿ ಕೆಲವು ಅರಿವಳಿಕೆಯ ಔಷಧಗಳಿಂದ ಉಷ್ಣತೆಯು ಅಪಾಯಕರವಾಗಿ ಏರುವುದೂ ಉಂಟು.

ಆದುದರಿಂದ ಎಲ್ಲಿ ಅಳೆಯಬೇಕೆಂಬುದು ಮುಖ್ಯ. ಕಂಕುಳಲ್ಲಿ ಅಳೆಯುವುದು ಸುಲಭ. ಆದರೆ ಸಾಧನವು ಸರಿಯಾದ ಸ್ಥಳದಲ್ಲಿರಬೇಕು, ತೋಳು ಮೈಗೆ ಅಂಟಿರಬೇಕು. ಚರ್ಮದ ಉಷ್ಣತೆಯು ಒಳಗಿನ ಸ್ಥಿತಿಯನ್ನು ಯಥಾವತ್ತಾಗಿ ಹೇಳದು. ಗುದದ್ವಾರದಲ್ಲಿ ಅಳೆದದ್ದು ಬದಲಾವಣೆಯನ್ನು ತಡವಾಗಿ ತೋರಿಸುತ್ತದೆ. ಅನ್ನನಾಳದ ಕೆಳಭಾಗದಲ್ಲಿ, ಹೃದಯದ ಸಮೀಪದಲ್ಲಿ ಇರಿಸಿದ ಸಾಧನವು ಒಳಗಿನ ಉಷ್ಣತೆಯನ್ನು ಬೇಗನೆ, ನಂಬಿಕೆಗೆ ಅರ್ಹವಾಗಿ ತಿಳಿಸುತ್ತದೆ. ಆದರೆ ಎಲ್ಲ ಶಸ್ತ್ರಚಿಕಿತ್ಸೆಗಳಲ್ಲಿಯೂ ಅದನ್ನು ಇರಿಸಲಾಗದು. ಆಯಾ ಮಗುವಿಗೆ ತಕ್ಕುದನ್ನು ವೈದ್ಯರು ವಿವೇಚಿಸಿ ಆರಿಸಬೇಕಾಗುತ್ತದೆ.

ಕಾಯಕದಲ್ಲಿ ನಿಷ್ಠೆ, ನೋಡಿದ್ದನ್ನು ನೋಡಿದಂತೆಯೇ ಬರೆದಿಡುವ ಪ್ರಾಮಾಣಿಕತೆ, ಇವೆರಡೇ ವುಂಡರ್ಲಿಷ್ ಅವರ ಬಂಡವಾಳ. ಶಾಲೆಯ ಪ್ರಯೋಗಶಾಲೆಯಲ್ಲಿ ಬಾಲಕನೊಬ್ಬನು ಉಷ್ಣಮಾಪಕದ ಪಾದರಸದ ಗೆರೆಯನ್ನು ಕಣ್ಣಿನ ಮಟ್ಟದಲ್ಲಿರಿಸಿ ಓದಲು ಕಲಿತರೆ, ಕಂಡ ಅಂಕಿಯನ್ನೇ ಬರೆದರೆ, ಅದು ಅವನ ಮುಂದಿನ ಬಾಳಿಗೆ ಒದಗುವ ಶಿಕ್ಷಣ. ಅದನ್ನು ಕಲಿಸುವ ಗುರುವಿನ ಶ್ರಮವೂ ಆ ಉಪಕರಣವನ್ನು ಒದಗಿಸುವ ದಾನಿಯ ದಾಸೋಹವೂ ಎಂದೋ ಒಂದು ದಿನ, ಯಾವುದೋ ಮಗುವಿನ ಪ್ರಾಣರಕ್ಷಣೆಗೆ ನೆರವಾಗಬಲ್ಲವು.