ಕೊಟ್ಟಿಗೆಯಲ್ಲಿ ಹೊತ್ತಿದ ಕಿಡಿ

ಕೀ ತಿರುಗಿಸಿದರೆ ಡ್ಯಾಶ್‌ಬೋರ್ಡಿನಲ್ಲಿ ಕೆಂಪು ದೀಪ ಮಿಣುಕುತ್ತೆ, ಇಂಜಿನ್ ಮಾತ್ರ ಜಪ್ಪಯ್ಯ ಅಂದ್ರೂ ಏಳಲ್ಲ. ಈಗಿನ ಕಾರುಗಳಲ್ಲಿ ಇದು ಎಷ್ಟೋ ಸಲ ಇಮ್ಮೊಬಿಲೈಸರ್ ಕೆಲಸ. ಕೀಯೊಳಗಿನ ಚಿಪ್‌ನ ಗುರುತು ಸಿಗದಿದ್ದರೆ ಕಂಪ್ಯೂಟರ್ ಇಂಜಿನ್ನಿಗೆ ಕಿಡಿಯನ್ನೋ ಪೆಟ್ರೋಲನ್ನೋ ಕೊಡೋದೇ ಇಲ್ಲ. ಮನೆಯಲ್ಲಿ ನಾವು ಮಾಡಬಹುದಾದದ್ದು ಇಷ್ಟೇ: ಬ್ಯಾಟರಿ ಟರ್ಮಿನಲ್ ಒರೆಸೋದು, ಇನ್ನೊಂದು ಕೀ ಹಾಕಿ ನೋಡೋದು.

ಹಳೆಯ ಅಂಬಾಸಿಡರ್, ಪದ್ಮಿನಿಗಳ ಕಾಲದಲ್ಲಿ ಹಾಗಿರಲಿಲ್ಲ. ಡಿಸ್ಟ್ರಿಬ್ಯೂಟರ್ ಮುಚ್ಚಳ ತೆಗೆದು, ಪಾಯಿಂಟ್‌ಗಳನ್ನು ಎಮರಿ ಪೇಪರಿನಲ್ಲಿ ಉಜ್ಜಿ, ಗ್ಯಾಪ್ ಸರಿಮಾಡಿದರೆ ಗಾಡಿ ಹೊರಡುತ್ತಿತ್ತು. ಕಳ್ಳರ ಭಯವೇ? ಒಳಗಿನ ರೋಟರ್ ಕಿತ್ತು ಜೇಬಿಗೆ ಹಾಕಿಕೊಂಡರೆ ಮುಗಿಯಿತು, ಕಿಡಿಯೂ ಇಲ್ಲ, ಕಳ್ಳತನವೂ ಇಲ್ಲ! ಮನೆಯಂಗಳದಲ್ಲೇ ಬಿಚ್ಚಿ ಜೋಡಿಸಬಹುದಾಗಿದ್ದ ಈ ಬ್ಯಾಟರಿ ಇಗ್ನಿಷನ್ನಿಗೆ ಪುಸ್ತಕಗಳಲ್ಲಿ ಕೆಟೆರಿಂಗ್ ಇಗ್ನಿಷನ್ ಎಂದೇ ಹೆಸರು. ಆ ಕೆಟೆರಿಂಗ್ ಯಾರು?

ಚಾರ್ಲ್ಸ್ ಕೆಟೆರಿಂಗ್ ಹುಟ್ಟಿದ್ದು 1876ರಲ್ಲಿ, ಅಮೆರಿಕದ ಒಹಾಯೊ ರಾಜ್ಯದ ಒಂದು ಹೊಲಮನೆಯಲ್ಲಿ. ಚಿಕ್ಕಂದಿನಿಂದಲೂ ಕಣ್ಣು ದುರ್ಬಲ. ಇಂಜಿನಿಯರಿಂಗ್ ಓದಲು ಒಹಾಯೊ ಸ್ಟೇಟ್ ಯೂನಿವರ್ಸಿಟಿಗೆ ಸೇರಿದ ಮೇಲೆ ಕಣ್ಣು ಪೂರಾ ಕೈಕೊಟ್ಟಿತು, ಓದು ಬಿಟ್ಟರು. ಆಮೇಲೆ ಟೆಲಿಫೋನ್ ಕಂಪನಿಯೊಂದರಲ್ಲಿ ಕಂಬ ನೆಟ್ಟು ತಂತಿ ಎಳೆಯುವ ಕೆಲಸ. ಬಯಲಿನ ದುಡಿಮೆಯಲ್ಲಿ ಕಣ್ಣು ಸುಧಾರಿಸಿದ ಮೇಲೆ ಮತ್ತೆ ಕಾಲೇಜಿಗೆ ಬಂದರು. ರೂಮ್‌ಮೇಟ್‌ಗಳು ಪಾಠ ಓದಿ ಹೇಳುತ್ತಿದ್ದರು, ಇವರು ಕೇಳಿ ನೆನಪಿಟ್ಟುಕೊಳ್ಳುತ್ತಿದ್ದರು. 1904ರಲ್ಲಿ ಎಲೆಕ್ಟ್ರಿಕಲ್ ಡಿಗ್ರಿ ಕೈಗೆ ಬಂದಾಗ ವಯಸ್ಸು 27. ಒಂದು ವರ್ಷ ಹಿಂದೆ ಬಿದ್ದರೆ ಜೀವನವೇ ಮುಗಿಯಿತು ಅಂದುಕೊಳ್ಳುವ ನಾವು ಈ ಲೆಕ್ಕವನ್ನೊಮ್ಮೆ ನೋಡಬೇಕು.

ಕೆಲಸ ಸಿಕ್ಕಿದ್ದು ಡೇಟನ್ ಊರಿನ ನ್ಯಾಷನಲ್ ಕ್ಯಾಷ್ ರಿಜಿಸ್ಟರ್ ಕಂಪನಿಯಲ್ಲಿ. ಅಂಗಡಿಯ ಗಲ್ಲಾಪೆಟ್ಟಿಗೆಯ ಯಂತ್ರವನ್ನು ಆಗ ಕೈಯಿಂದಲೇ ತಿರುಗಿಸಬೇಕಿತ್ತು. ಕೆಟೆರಿಂಗ್ ಅದಕ್ಕೆ ಪುಟ್ಟ ವಿದ್ಯುತ್ ಮೋಟಾರ್ ಕೂರಿಸಿದರು. ಅಲ್ಲಿಯೇ ಜೊತೆಗಿದ್ದ ಎಡ್ವರ್ಡ್ ಡೀಡ್ಸ್ ಮನೆಯ ಹಿಂದೆ ಒಂದು ಕೊಟ್ಟಿಗೆ ಇತ್ತು. ಹಗಲು ಕಂಪನಿ ಕೆಲಸ, ಸಂಜೆ ಮತ್ತು ರಜಾದಿನ ಆ ಕೊಟ್ಟಿಗೆಯಲ್ಲಿ ಕಾರಿನ ಇಗ್ನಿಷನ್ ಕೆಲಸ. ಕಂಪನಿಯ ಕೆಲವು ಗೆಳೆಯರೂ ಬಂದು ಕೈಜೋಡಿಸಿದರು.

ಅವರ ವ್ಯವಸ್ಥೆಯ ತಿರುಳು ಸರಳ. ಬ್ಯಾಟರಿಯ ಕರೆಂಟು ಕಾಯಿಲ್‌ನಲ್ಲಿ ಹರಿಯುತ್ತದೆ. ಸರಿಯಾದ ಕ್ಷಣಕ್ಕೆ ಅದನ್ನು ಥಟ್ಟನೆ ಕಡಿದರೆ ಕಾಯಿಲ್‌ನ ಎರಡನೇ ಸುತ್ತಿನಲ್ಲಿ ಸಾವಿರಾರು ವೋಲ್ಟ್ ಹುಟ್ಟಿ ಪ್ಲಗ್ಗಿನಲ್ಲಿ ಕಿಡಿ ಹಾರುತ್ತದೆ. ಕ್ಯಾಡಿಲಾಕ್ ಕಂಪನಿಯ ಹೆನ್ರಿ ಲೇಲ್ಯಾಂಡ್ ಇದನ್ನು ಮೆಚ್ಚಿ ಸಾವಿರಾರು ಸೆಟ್‌ಗೆ ಆರ್ಡರ್ ಕೊಟ್ಟರು. 1909ರಲ್ಲಿ ಕೊಟ್ಟಿಗೆಯ ಗುಂಪು ಡೆಲ್ಕೊ ಎಂಬ ಕಂಪನಿಯಾಯಿತು.

ಮುಂದಿನ ಸಮಸ್ಯೆ ಹ್ಯಾಂಡಲ್ಲಿನದು. ಆಗ ಕಾರು ಸ್ಟಾರ್ಟ್ ಮಾಡಲು ಮುಂದೆ ನಿಂತು ಹ್ಯಾಂಡಲ್ ಹೊಡೆಯಬೇಕಿತ್ತು. ಇಂಜಿನ್ ಹಿಂದಕ್ಕೆ ಒದ್ದರೆ ಕೈಮೂಳೆ ಮುರಿಯುತ್ತಿತ್ತು. ಲೇಲ್ಯಾಂಡರ ಗೆಳೆಯರೊಬ್ಬರು ಹೀಗೆಯೇ ಪೆಟ್ಟು ತಿಂದು ತೀರಿಕೊಂಡರು ಎಂಬ ಕಥೆಯೂ ಉಂಟು. ಇಂಜಿನ್ ತಿರುಗಿಸುವಷ್ಟು ದೊಡ್ಡ ಮೋಟಾರ್ ಕಾರಿನಲ್ಲಿ ಹಿಡಿಸೋದೇ ಇಲ್ಲ ಎಂದು ತಿಳಿದವರ ಲೆಕ್ಕ. ಅವರ ಲೆಕ್ಕ ತಪ್ಪಿರಲಿಲ್ಲ, ಅವರು ಕೇಳಿಕೊಂಡ ಪ್ರಶ್ನೆ ತಪ್ಪಿತ್ತು. ದಿನವಿಡೀ ಓಡುವ ಮೋಟಾರಿನ ಲೆಕ್ಕ ಅದು. ಗಲ್ಲಾಪೆಟ್ಟಿಗೆಯ ಪಾಠ ಕೆಟೆರಿಂಗ್‌ಗೆ ನೆನಪಿತ್ತು: ಮೋಟಾರ್ ಎಷ್ಟು ಹೊತ್ತು ಓಡಬೇಕು? ಕೆಲವೇ ಸೆಕೆಂಡು! ಅಷ್ಟು ಹೊತ್ತು ಪುಟ್ಟ ಮೋಟಾರಿನ ಮೇಲೆ ಎಷ್ಟು ಭಾರ ಹೇರಿದರೂ ಅದು ಬಿಸಿಯಾಗಿ ಸುಡುವ ಮೊದಲೇ ಕೆಲಸ ಮುಗಿದಿರುತ್ತದೆ. ಇಂಜಿನ್ ಹೊರಟ ಮೇಲೆ ಅದೇ ಮೋಟಾರ್ ಜನರೇಟರ್ ಆಗಿ ಬ್ಯಾಟರಿಗೆ ಚಾರ್ಜ್ ತುಂಬುತ್ತದೆ. 1912ರ ಕ್ಯಾಡಿಲಾಕ್‌ನಲ್ಲಿ ಸ್ಟಾರ್ಟರ್, ಇಗ್ನಿಷನ್, ದೀಪ ಮೂರೂ ಒಂದೇ ವ್ಯವಸ್ಥೆಯಾಗಿ ಬಂದವು. ತೋಳ್ಬಲ ಇಲ್ಲದವರೂ ಒಬ್ಬರೇ ಕಾರು ಹೊರಡಿಸುವಂತಾಯಿತು.

ಕಥೆಯನ್ನು ಇಲ್ಲಿಗೇ ನಿಲ್ಲಿಸಿದರೆ ನಮಗೂ ಖುಷಿ, ನಿಮಗೂ ಖುಷಿ. ಆದರೆ ಬದುಕು ಅಲ್ಲಿಗೆ ನಿಲ್ಲಲಿಲ್ಲ. ಡೆಲ್ಕೊ ಕೈಬದಲಾಗಿ ಜನರಲ್ ಮೋಟಾರ್ಸ್ ಸೇರಿತು, ಕೆಟೆರಿಂಗ್ ಅಲ್ಲಿ ಸಂಶೋಧನೆಯ ಮುಖ್ಯಸ್ಥರಾದರು. ಇಂಜಿನ್ ಬಡಿದುಕೊಳ್ಳುವ ನಾಕಿಂಗ್ ತೊಂದರೆಗೆ ಮದ್ದು ಹುಡುಕುತ್ತ 1921ರಲ್ಲಿ ಅವರ ತಂಡದ ಥಾಮಸ್ ಮಿಡ್ಗ್ಲೆ ಪೆಟ್ರೋಲಿಗೆ ಸೀಸದ ಸಂಯುಕ್ತ ಬೆರೆಸಿದರು. ನಾಕಿಂಗ್ ನಿಂತಿತು. ಸೀಸ ವಿಷವೆಂಬುದು ಆಗಲೇ ಗೊತ್ತಿದ್ದ ಸಂಗತಿ. 1924ರಲ್ಲಿ ನ್ಯೂಜೆರ್ಸಿಯ ಘಟಕವೊಂದರಲ್ಲಿ ಅದನ್ನು ತಯಾರಿಸುತ್ತಿದ್ದ ಐವರು ಕಾರ್ಮಿಕರು ಸತ್ತರು. ಆದರೂ ಮಾರಾಟ ಮುಂದುವರಿಯಿತು. ಅದನ್ನು ಮಾರುವ ಕಂಪನಿಗೆ ಮೊದಲ ಅಧ್ಯಕ್ಷರು ಕೆಟೆರಿಂಗ್ ಅವರೇ. ನಮ್ಮ ದೇಶದ ಪೆಟ್ರೋಲಿನಿಂದ ಸೀಸ ಹೋದದ್ದು 2000ದಲ್ಲಿ. ಅಷ್ಟು ವರ್ಷ ರಸ್ತೆಬದಿಯ ಮಕ್ಕಳು ಅದನ್ನು ಉಸಿರಾಡಿದರು.

1958ರ ನವೆಂಬರ್‌ನಲ್ಲಿ, 82ನೇ ವಯಸ್ಸಿನಲ್ಲಿ, ಕೆಟೆರಿಂಗ್ ತೀರಿಕೊಂಡರು. ಕ್ಯಾನ್ಸರ್ ಸಂಶೋಧನೆಯ ಸಂಸ್ಥೆಯೊಂದರಲ್ಲಿ ಅವರ ಹೆಸರಿದೆ. ಮಿಷಿಗನ್ನಿನ ಫ್ಲಿಂಟ್‌ನಲ್ಲಿ ಕೆಲವು ತಿಂಗಳು ತರಗತಿ, ಕೆಲವು ತಿಂಗಳು ಕೆಲಸ ಎಂಬ ಪದ್ಧತಿಯ ಇಂಜಿನಿಯರಿಂಗ್ ವಿಶ್ವವಿದ್ಯಾಲಯಕ್ಕೂ ಅವರದೇ ಹೆಸರು.

ಇವರನ್ನು ಪೂಜೆ ಮಾಡಬೇಕೋ ಬೈಯಬೇಕೋ ಎಂದು ನಮ್ಮ ಕ್ಲಬ್ಬಿನಲ್ಲಿ ಜೋರು ಜಗಳವೇ ಆಯಿತು, ತೀರ್ಮಾನ ಆಗಲಿಲ್ಲ. ಒಂದು ಮಾತಿಗೆ ಮಾತ್ರ ಎಲ್ಲರೂ ಒಪ್ಪಿದೆವು. ಮುಂದಿನ ಸಲ ಪ್ರಾಜೆಕ್ಟ್ ರಿವ್ಯೂಗೆ ಕೂತಾಗ ಎರಡು ಪ್ರಶ್ನೆ ಕೇಳಿಕೊಳ್ಳೋಣ: ಇದು ನಿಜವಾಗಿ ಎಷ್ಟು ಹೊತ್ತು ಓಡಬೇಕು, ಮತ್ತು ಇದರ ಹೊಗೆ ಯಾರ ಮನೆಗೆ ಹೋಗುತ್ತೆ? ಮೊದಲನೆಯದನ್ನು ಕೆಟೆರಿಂಗ್ ಕೇಳಿದ್ದರಿಂದ ನಮ್ಮ ಕೈಮೂಳೆ ಉಳಿದಿದೆ. ಎರಡನೆಯದನ್ನು ನಾವಾದರೂ ಕೇಳಬೇಕು, ಅಲ್ವಾ?