ಬಾಗಿಲು ತೆರೆದವರು

ಕೈಯಲ್ಲಿ ಕಾಸಿಲ್ಲದೆ, ಗುರುತಿನವರಿಲ್ಲದ ಊರಿನಲ್ಲಿ ಬಂದಿಳಿಯುವವನ ಕಷ್ಟ ಅನುಭವಿಸಿದವನಿಗೇ ಗೊತ್ತು. ಎಲ್ಲಿ ಉಣ್ಣುವುದು, ಎಲ್ಲಿ ಮಲಗುವುದು, ಯಾರನ್ನು ಕೇಳುವುದು? 1892ರ ಅಕ್ಟೋಬರ್ ತಿಂಗಳಲ್ಲಿ ನಮ್ಮ ಬೆಳಗಾವಿಗೆ ಅಂಥ ಒಬ್ಬ ಪ್ರಯಾಣಿಕರು ಬಂದರು. ಅವರಿಗೆ ಆಗ 29 ವರ್ಷ. ಅವರೇ ಸ್ವಾಮಿ ವಿವೇಕಾನಂದರು.

1863ರ ಜನವರಿ 12ರಂದು ಕಲ್ಕತ್ತೆಯ ವಕೀಲರೊಬ್ಬರ ಮನೆಯಲ್ಲಿ ಹುಟ್ಟಿದ ನರೇಂದ್ರನಾಥ ದತ್ತರು ಸ್ಕಾಟ್ಲೆಂಡಿನ ಮಿಷನರಿಗಳ ಕಾಲೇಜಿನಲ್ಲಿ ಓದಿದವರು. 1884ರಲ್ಲಿ ತಂದೆ ತೀರಿಕೊಂಡಾಗ ಮನೆಗೆ ಬಡತನ ಬಂತು. 1886ರಲ್ಲಿ ಗುರು ಶ್ರೀ ರಾಮಕೃಷ್ಣರೂ ಅಗಲಿದರು. ಅದೇ ವರ್ಷ ಡಿಸೆಂಬರ್ 24ರ ರಾತ್ರಿ ಆಂಟ್‌ಪುರ ಎಂಬ ಹಳ್ಳಿಯಲ್ಲಿ, ಉರಿಯುವ ಬೆಂಕಿಯ ಸುತ್ತ ಕುಳಿತ ಗೆಳೆಯರಿಗೆ ಅವರು ಯೇಸುಸ್ವಾಮಿಯ ಜೀವನವನ್ನು ವಿವರಿಸಿದರು. ಎಲ್ಲರೂ ಸಂನ್ಯಾಸದ ಸಂಕಲ್ಪ ಮಾಡಿದರು. ಅದು ಕ್ರಿಸ್ತಜಯಂತಿಯ ಹಿಂದಿನ ರಾತ್ರಿಯೆಂದು ಅವರಿಗೆ ಹೊಳೆದದ್ದು ಆಮೇಲೆ.

1891ರ ಆರಂಭದಿಂದ ಅವರು ಒಬ್ಬಂಟಿಯಾಗಿ ದೇಶ ಸುತ್ತತೊಡಗಿದರು. ಜೊತೆಗಿದ್ದ ಪುಸ್ತಕಗಳು ಎರಡು: ಭಗವದ್ಗೀತೆ ಮತ್ತು ನಮಗೆಲ್ಲ ಪರಿಚಿತವಾದ 'ಕ್ರಿಸ್ತಾನುಕರಣೆ'. ಹಣ ಮುಟ್ಟಬಾರದೆಂಬುದು ಅವರ ನಿಯಮ. ಯಾರಾದರೂ ಟಿಕೆಟ್ ಕೊಂಡುಕೊಟ್ಟರೆ ಮಾತ್ರ ರೈಲು.

ಕೊಲ್ಲಾಪುರದಿಂದ ಬಂದ ಅವರ ಕೈಯಲ್ಲಿ ಪರಿಚಯದ ಒಂದು ಚೀಟಿಯಿತ್ತು. ಅದನ್ನು ನೋಡಿ ವಕೀಲ ಭಾಟೆಯವರು ರಿಸಾಲದಾರ ಗಲ್ಲಿಯ ತಮ್ಮ ಮನೆಗೆ ಅವರನ್ನು ಸೇರಿಸಿಕೊಂಡರು. ಊಟವಾದ ಮೇಲೆ ಸಂನ್ಯಾಸಿ ಎಲೆ-ಅಡಿಕೆ, ತಂಬಾಕು ಕೇಳಿದಾಗ ಮನೆಯವರು ಬೆರಗಾದರು. ಇವರೆಂಥ ಸಂನ್ಯಾಸಿ ಎಂಬ ಪ್ರಶ್ನೆ ಮೂಡಿದರೂ ಸತ್ಕಾರ ಕಡಿಮೆಯಾಗಲಿಲ್ಲ.

ಅಕ್ಟೋಬರ್ 18ರಂದು ಭಾಟೆಯವರು ಅತಿಥಿಯನ್ನು ಹರಿಪದ ಮಿತ್ರರ ಬಳಿಗೆ ಕರೆದೊಯ್ದರು. ಬಂಗಾಳದವರಾದ ಮಿತ್ರರು ಇಲ್ಲಿ ಅರಣ್ಯಾಧಿಕಾರಿ. ಕಾವಿ ತೊಟ್ಟವರೆಲ್ಲ ಮೋಸಗಾರರೆಂದೇ ಅವರ ಎಣಿಕೆ. ಈತನೂ ಏನನ್ನೋ ಬೇಡಲು ಬಂದಿರಬೇಕೆಂದುಕೊಂಡರು. ಮಾತು ಬೆಳೆದಂತೆ ಆ ಸಂದೇಹ ಕರಗಿತು. ತಮ್ಮ ಮನೆಗೇ ಬಂದಿರಿ ಎಂದು ಅವರೇ ಒತ್ತಾಯಿಸಿದರು. ಪ್ರೀತಿಯಿಂದ ಇಟ್ಟುಕೊಂಡ ಭಾಟೆಯವರ ಮನಸ್ಸು ನೋಯಿಸಿ ಬರಲು ಸ್ವಾಮಿಗಳು ಒಪ್ಪಲಿಲ್ಲ. ಭಾಟೆಯವರು ಸಮ್ಮತಿಸಿದ ಮೇಲೆಯೇ ಹೋದರು. ಮುಂದೆ ಮಿತ್ರ ದಂಪತಿಗಳು ಅವರ ಶಿಷ್ಯರೇ ಆದರು. ಕೋಟೆಯಲ್ಲಿನ ಆ ಮನೆ ಈಗ ರಾಮಕೃಷ್ಣ ಆಶ್ರಮದ ಸ್ಮಾರಕ.

ಅಕ್ಟೋಬರ್ 27ರಂದು ಮಿತ್ರರು ಟಿಕೆಟ್ ಕೊಂಡು ಅವರನ್ನು ಮರ್ಮಗೋವೆಯ ರೈಲು ಹತ್ತಿಸಿದರು. ಖಾನಾಪುರ, ಲೋಂಡಾ ದಾಟಿ ಘಟ್ಟ ಇಳಿಯುವ ಆ ರೈಲುದಾರಿ ತೆರೆದು ಆಗ ನಾಲ್ಕೇ ವರ್ಷ. ಗೋವೆಯ ರಾಶೋಲ್ ಗುರುಮಠದಲ್ಲಿ ಅವರು ಮೂರು ದಿನವಿದ್ದು ಕ್ರೈಸ್ತ ದೈವಶಾಸ್ತ್ರದ ಗ್ರಂಥಗಳನ್ನು ಓದಿದರೆಂದು ಅಲ್ಲಿಯವರು ಹೇಳುತ್ತಾರೆ.

ಮರುವರ್ಷ ಅವರು ಚಿಕಾಗೋ ಸರ್ವಧರ್ಮ ಸಮ್ಮೇಳನಕ್ಕೆ ಹೋದರು. ಅಲ್ಲಿ ಸಮ್ಮೇಳನದ ಕಚೇರಿಯ ವಿಳಾಸ ಕಳೆದುಹೋಗಿ ರಾತ್ರಿಯನ್ನು ರೈಲು ಗೂಡ್ಸ್ ಅಂಗಳದಲ್ಲಿ ಕಳೆದರು. ಬೆಳಿಗ್ಗೆ ಮನೆಮನೆಗೆ ಹೋಗಿ ದಾರಿ ಕೇಳಿದರೆ ಬಾಗಿಲುಗಳು ಮುಚ್ಚಿದವು. ದಣಿದು ಬೀದಿಬದಿಯಲ್ಲಿ ಕುಳಿತವರನ್ನು ಎದುರು ಮನೆಯಿಂದ ನೋಡಿದ ಶ್ರೀಮತಿ ಹೇಲ್ ಎಂಬ ಗೃಹಿಣಿ ಹೊರಬಂದು ವಿಚಾರಿಸಿದರು. ಒಳಗೆ ಕರೆದು ಉಪಚರಿಸಿ, ಕಚೇರಿಗೆ ತಾವೇ ಕರೆದೊಯ್ದರು. 1893ರ ಸೆಪ್ಟೆಂಬರ್ 11ರಂದು ಅವರು ಮಾತನಾಡಿದ ಮೇಲೆ ಲೋಕವೆಲ್ಲ ಅವರನ್ನು ಗುರುತಿಸಿತು. 1897ರಲ್ಲಿ ಸೇವೆಗಾಗಿ ರಾಮಕೃಷ್ಣ ಮಿಷನ್ ಸ್ಥಾಪಿಸಿ, 1902ರ ಜುಲೈ 4ರಂದು, 39ನೇ ವಯಸ್ಸಿನಲ್ಲಿ ತೀರಿಕೊಂಡರು.

ಪ್ರಿಯ ಓದುಗರೇ, ಲೋಕ ಗುರುತಿಸಿದ ಮೇಲೆ ಅವರನ್ನು ಸ್ವಾಗತಿಸುವುದು ಸುಲಭವಿತ್ತು. ಭಾಟೆ, ಮಿತ್ರ, ಶ್ರೀಮತಿ ಹೇಲ್ ಬಾಗಿಲು ತೆರೆದದ್ದು ಹೆಸರಿಲ್ಲದ ಪ್ರಯಾಣಿಕನಿಗೆ. ಅವರಲ್ಲಿ ಒಬ್ಬರಿಗೆ ಸಂದೇಹವಿತ್ತು, ಇನ್ನೊಬ್ಬರ ಮನೆಯಲ್ಲಿ ಬೆರಗಿತ್ತು. ಆದರೂ ಬಾಗಿಲು ಮುಚ್ಚಲಿಲ್ಲ. ಮತ್ತಾಯನ ಶುಭಸಂದೇಶದ 25ನೇ ಅಧ್ಯಾಯದಲ್ಲಿ ಪ್ರಭು ಲೆಕ್ಕ ಕೇಳುವುದೂ ಇದನ್ನೇ. ಪರೀಕ್ಷೆಗೋ ಕೆಲಸಕ್ಕೋ ಆಸ್ಪತ್ರೆಗೋ ನಮ್ಮ ಊರಿಗೆ ಬಂದು ದಾರಿ ಕೇಳುವವನು ಯಾರೆಂದು ನಮಗೆ ಗೊತ್ತಿರುವುದಿಲ್ಲ. ನಿಂತು ದಾರಿ ತೋರಿಸಲು, ಒಂದು ಲೋಟ ನೀರು ಕೊಡಲು ಅದು ಗೊತ್ತಿರಬೇಕಾದ ಅಗತ್ಯವೂ ಇಲ್ಲ.